ಊರಿಗೆ ಗೈಡ್ ಕಳಿಸಬೇಡಿ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಊರ ಹುಡುಗರಿಗೆಲ್ಲ ಒಂದು ಹುದ್ದೆ ಬಿಟ್ಟಿಯಾಗಿ ಸಿಗುತ್ತೆ: ಊರಿನ ಶಿಕ್ಷಣ ಸಲಹೆಗಾರ. ಸಿಇಟಿ ಸೀಟು ಗೊತ್ತಾಗಿ ಕಾಲೇಜು ಶುರುವಾಗೋ ಹೊತ್ತಿಗೆ ಫೋನು ಶುರು. ಅರಸೀಕೆರೆಯಿಂದ ಚಿಕ್ಕಪ್ಪನ ಮಗ, ಬೇಲೂರಿನಿಂದ ಅತ್ತೆ ಮಗಳು, ಹಳೇಬೀಡಿನಿಂದ ಯಾರದೋ ಪಕ್ಕದ ಮನೆ ಹುಡುಗ. ಕೆಲವರು ಹಾಸನದಲ್ಲೋ ಮೈಸೂರಿನಲ್ಲೋ ಬಿಇಗೆ ಸೇರಿದವರು, ಕೆಲವರು ಊರಿನ ಫಸ್ಟ್ ಗ್ರೇಡ್ ಕಾಲೇಜಿನಲ್ಲೇ ಬಿಎಸ್ಸಿ. ಪ್ರಶ್ನೆ ಮಾತ್ರ ಒಂದೇ: "ಅಣ್ಣಾ, ಮ್ಯಾಥ್ಸ್‌ಗೆ ಯಾವ ಬುಕ್ ತಗೊಳ್ಲಿ?"

ನಾವು ಕೊಡೋ ಉತ್ತರ ಎರಡೇ ಥರದ್ದು. ಮೊದಲನೆಯದು ಲೋಕಾನುಭವಿಗಳ ಉತ್ತರ: "ದೊಡ್ಡ ಬುಕ್ಕೆಲ್ಲ ಯಾಕೋ, ಗೈಡ್ ತಗೋ, ಹಳೇ ಕ್ವೆಶ್ಚನ್ ಪೇಪರ್ ತಗೋ, ಪಾಸಾಗ್ತೀಯ." ಎರಡನೆಯದು ಬುದ್ಧಿವಂತರ ಉತ್ತರ: ಸ್ಪಿವಾಕ್, ಅಪೋಸ್ಟಲ್, ಆರ್ನಾಲ್ಡ್ ಅಂತ ಮಾರುದ್ದದ ಪಟ್ಟಿಯೊಂದನ್ನು ಫಾರ್ವರ್ಡ್ ಮಾಡಿ ಕೈತೊಳೆದುಕೊಳ್ಳೋದು. ಮೊದಲನೆಯವರು ಈ ಹುಡುಗನಿಗೆ ಓದೋಕಾಗಲ್ಲ ಅಂತ ತೀರ್ಮಾನ ಮಾಡಿರ್ತಾರೆ. ಎರಡನೆಯವರು ಹುಡುಗ ಯಾರು ಅಂತಲೇ ವಿಚಾರಿಸಿರಲ್ಲ. ಎರಡೂ ತಪ್ಪೇ. ಆದರೆ ಹೆಚ್ಚು ಹಾಳು ಮಾಡಿರೋದು ಮೊದಲನೆಯದು, ಯಾಕಂದ್ರೆ ಅದು ಪ್ರೀತಿಯ ರೂಪದಲ್ಲಿ ಬರುತ್ತೆ. ಒಂದು ಗೈಡ್ ಕೊರಿಯರ್ ಮಾಡಿ ಊರಿನ ಋಣ ತೀರಿತು ಅಂದುಕೊಳ್ಳೋ ನಾವು, ಆ ಹುಡುಗನ ಕೈಯಿಂದ ಏನು ಕಿತ್ತುಕೊಂಡ್ವಿ ಅನ್ನೋದನ್ನು ಯೋಚನೆ ಮಾಡೋದೇ ಇಲ್ಲ.

ಗೈಡ್ ಅಂದ್ರೆ ಏನು, ಸ್ವಲ್ಪ ಬಿಡಿಸಿ ನೋಡೋಣ. ಅಧ್ಯಾಯದ ತಲೆಯಲ್ಲಿ ಡಬ್ಬಿಯೊಳಗೆ ನಾಲ್ಕು ಫಾರ್ಮುಲಾ. ಕೆಳಗೆ ಟೈಪ್ 1, ಟೈಪ್ 2, ಟೈಪ್ 3. ಒಂದೊಂದು ಟೈಪಿಗೆ ಆರೇಳು ಬಿಡಿಸಿಟ್ಟ ಲೆಕ್ಕ. ನಡುವೆ ವಾಕ್ಯ ಅನ್ನೋದೇ ಇರಲ್ಲ. ಈ ಲೆಕ್ಕ ಯಾಕೆ ಬಂತು, ಎಲ್ಲಿಂದ ಬಂತು, ಯಾರಿಗೆ ಬೇಕಿತ್ತು ಅನ್ನೋದಕ್ಕೆ ಒಂದು ಸಾಲೂ ಇಲ್ಲ. ಹುಡುಗ ಮಾಡಬೇಕಾದ್ದು ಇಷ್ಟೇ: ಪ್ರಶ್ನೆ ನೋಡಿ ಟೈಪ್ ಗುರುತಿಸೋದು, ಹೆಜ್ಜೆ ನೆನಪಿಸಿಕೊಳ್ಳೋದು, ಬರೆಯೋದು. ಇದಕ್ಕೆ ನಾವು "ಪ್ರಾಬ್ಲಮ್ ಸಾಲ್ವ್ ಮಾಡೋದು" ಅಂತೀವಿ. ಬಿಡಿಸಿಟ್ಟ ಲೆಕ್ಕವನ್ನು ನೋಡಿ ಬರೆಯೋದು ಸಾಲ್ವ್ ಮಾಡೋದಾದರೆ, ಬೇರೆಯವರು ಊಟ ಮಾಡೋದನ್ನು ನೋಡಿ ತೇಗೋದೂ ಊಟವೇ.

ತಪ್ಪು ಗೈಡ್ ಬರೆದವರದ್ದೊಂದೇ ಅಲ್ಲ ಅನ್ನೋದನ್ನೂ ಹೇಳಬೇಕು. ಪರೀಕ್ಷೆ ಹೇಗಿದೆಯೋ ಗೈಡ್ ಹಾಗಿರುತ್ತೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿದ್ದು 1998ರಲ್ಲಿ. ನಮ್ಮ ಬ್ಯಾಚುಗಳ ಕಾಲಕ್ಕೆ ಅದರ ಪ್ರಶ್ನೆಪತ್ರಿಕೆ ಹೀಗಿತ್ತು: ಎರಡು ಭಾಗ, ಒಟ್ಟು 8 ಪ್ರಶ್ನೆ, ಪ್ರತಿ ಭಾಗದಿಂದ ಕನಿಷ್ಠ 2 ಆರಿಸಿಕೊಂಡು 5ಕ್ಕೆ ಉತ್ತರ, 100ಕ್ಕೆ 35 ಬಂದರೆ ಪಾಸು. ಅಂದರೆ ಮೂರು ಯೂನಿಟ್ ಪುಸ್ತಕ ತೆರೆಯದೆಯೇ ಬಿಟ್ಟುಬಿಡೋಕೆ ಅಧಿಕೃತ ಪರವಾನಗಿ. ಆಮೇಲೆ 5 ಮಾಡ್ಯೂಲು, ಪ್ರತಿಯೊಂದರಿಂದ ಒಂದು ಪ್ರಶ್ನೆ ಅಂತಾಯ್ತು. ಒಳ್ಳೇದೇ. ಆದರೆ ಮಾಡ್ಯೂಲಿಗೆ ಎರಡೆರಡು ಟೈಪ್ ಗಟ್ಟಿ ಮಾಡಿಕೊಂಡರೆ ಸಾಕು ಅನ್ನೋ ಹೊಸ ಜಾಣತನ ಅದರ ಬೆನ್ನಿಗೇ ಬಂತು.

ಒಂದು ಉದಾಹರಣೆ ಕೊಡ್ತೀನಿ, ಬಿಇ ಮಾಡಿದವರಿಗೆಲ್ಲ ನೆನಪಾಗುತ್ತೆ. ಎಕ್ಸ್ ಕ್ಯೂಬ್ ಪ್ಲಸ್ ವೈ ಕ್ಯೂಬ್ ಈಕ್ವಲ್ಸ್ ತ್ರೀ ಎ ಎಕ್ಸ್ ವೈ ಅನ್ನೋ ವಕ್ರರೇಖೆಗೆ, ತ್ರೀ ಎ ಬೈ ಟೂ, ತ್ರೀ ಎ ಬೈ ಟೂ ಬಿಂದುವಿನಲ್ಲಿ ರೇಡಿಯಸ್ ಆಫ್ ಕರ್ವೇಚರ್ ಎಷ್ಟು? ಉತ್ತರ ನಮ್ಮಲ್ಲಿ ಎಷ್ಟೋ ಜನಕ್ಕೆ ಈಗಲೂ ಬಾಯಲ್ಲಿದೆ: ತ್ರೀ ಎ ಬೈ ಎಯ್ಟ್ ರೂಟ್ ಟೂ. ಈಗ ಅದೇ ಜನಕ್ಕೆ ಕೇಳಿ, ರೇಡಿಯಸ್ ಆಫ್ ಕರ್ವೇಚರ್ ಅಂದ್ರೆ ಏನು ಅಂತ. ಅರಸೀಕೆರೆ ಜಂಕ್ಷನ್ನಿನಿಂದ ಹಾಸನ, ಸಕಲೇಶಪುರ ದಾಟಿ ರೈಲು ಘಟ್ಟ ಇಳಿಯುವಾಗ ತಿರುವಿನಲ್ಲಿ ಯಾಕೆ ಅಷ್ಟು ನಿಧಾನ ಆಗುತ್ತೆ ಅನ್ನೋದಕ್ಕೆ ಉತ್ತರ ಇದೇ ಸಂಖ್ಯೆಯಲ್ಲಿದೆ ಅಂತ ನಮಗೆ ಯಾರೂ ಹೇಳಲಿಲ್ಲ. ಹಳಿ ಎಷ್ಟು ಬಿಗಿಯಾಗಿ ಬಾಗಿದೆಯೋ ಅಲ್ಲಿ ಅಷ್ಟು ಸಣ್ಣ ವೃತ್ತ ಕೂರುತ್ತೆ, ತ್ರಿಜ್ಯ ಕಮ್ಮಿಯಾದಷ್ಟೂ ವೇಗ ಕಮ್ಮಿ ಮಾಡಬೇಕು. ಇಷ್ಟೇ. ಇದನ್ನು ಹೇಳೋಕೆ ಎರಡು ವಾಕ್ಯ ಸಾಕಿತ್ತು. ಗೈಡಿನಲ್ಲಿ ಆ ಎರಡು ವಾಕ್ಯಕ್ಕೆ ಜಾಗ ಇರಲಿಲ್ಲ.

ಇದು ನಮ್ಮೊಬ್ಬರ ಕಾಯಿಲೆ ಅಲ್ಲ. ಎಂಐಟಿಯಲ್ಲಿ ದಶಕಗಳ ಕಾಲ ಡಿಫರೆನ್ಷಿಯಲ್ ಇಕ್ವೇಶನ್ ಪಾಠ ಮಾಡಿದ ಜಿಯಾನ್-ಕಾರ್ಲೊ ರೋಟಾ, 1962ರಲ್ಲಿ ಗ್ಯಾರೆಟ್ ಬರ್ಕಾಫ್ ಜೊತೆ ಸೇರಿ ಸ್ವತಃ ಅದರ ಪಠ್ಯಪುಸ್ತಕ ಬರೆದವರು. 1997ರಲ್ಲಿ ಅವರೊಂದು ಭಾಷಣ ಮಾಡಿ ಈ ವಿಷಯದ ಪಠ್ಯಪುಸ್ತಕಗಳಿಗೆ ಚೆನ್ನಾಗಿ ಬಿಸಿ ಮುಟ್ಟಿಸಿದರು. ಒಂದು ಪುಸ್ತಕ ಇನ್ನೊಂದನ್ನು ನೋಡಿ ಬರೆದುಕೊಳ್ಳುತ್ತಾ, ಹೊರಗೆ ಎಲ್ಲೂ ಎದುರಾಗದ ಎಕ್ಸಾಕ್ಟ್ ಇಕ್ವೇಶನ್, ಇಂಟಿಗ್ರೇಟಿಂಗ್ ಫ್ಯಾಕ್ಟರ್ ಕಸರತ್ತುಗಳನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸ್ತಾ ಬಂದಿವೆ. ಕಲಿಸಬೇಕಾದ್ದು ಪರಿಕಲ್ಪನೆ, ಟ್ರಿಕ್ಕುಗಳನ್ನಲ್ಲ ಅನ್ನೋದು ಅವರ ವಾದ. ಪುಸ್ತಕಗಳಲ್ಲಿ ಬರೋ ಹುಸಿ ಕಥೆ-ಲೆಕ್ಕಗಳನ್ನೂ ಅವರು ಸಹಿಸ್ತಿರಲಿಲ್ಲ. ನಮ್ಮ ಫಸ್ಟ್ ಸೆಮ್ ಸಿಲಬಸ್ ನೆನಪಿಸಿಕೊಂಡು ಇದನ್ನು ಓದಿದರೆ, ಅವರು ನಮ್ಮ ಪ್ರಶ್ನೆಪತ್ರಿಕೆ ಎದುರಿಗಿಟ್ಟುಕೊಂಡೇ ಮಾತಾಡಿದರೇನೋ ಅನ್ನಿಸುತ್ತೆ.

ಈಗ ಗೈಡ್ ಪರ ವಕೀಲರ ದೊಡ್ಡ ವಾದಕ್ಕೆ ಬರೋಣ: "ಹಳ್ಳಿ ಹುಡುಗ್ರು ರೀ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಆ ದಪ್ಪ ಇಂಗ್ಲಿಷ್ ಬುಕ್ಕು ಅವರಿಗೆ ಅರ್ಥ ಆಗಲ್ಲ." ಕೇಳೋಕೆ ಕರುಣೆ ಥರ ಕಾಣುತ್ತೆ. ನಿಜವಾಗಿ ಇದು ತಿರಸ್ಕಾರ. ಗಣಿತದ ಪುಸ್ತಕದ ಇಂಗ್ಲಿಷ್ ಇದೆಯಲ್ಲ, ಅದು ಲೋಕದಲ್ಲೇ ಅತಿ ಸುಲಭದ ಇಂಗ್ಲಿಷ್. ಲೆಟ್, ಸಪೋಸ್, ಹೆನ್ಸ್, ಸಚ್ ದಟ್, ಇಫ್ ಅಂಡ್ ಓನ್ಲಿ ಇಫ್. ಕೆಲವು ನೂರು ಪದ ಗೊತ್ತಿದ್ದರೆ ಇಡೀ ಅಧ್ಯಾಯ ಓದಬಹುದು. ಅರ್ಥ ಆಗದ ವಾಕ್ಯದ ಪಕ್ಕದಲ್ಲೇ ಅದನ್ನು ಹೇಳೋ ಚಿತ್ರ, ಸಮೀಕರಣ ಇರುತ್ತೆ. ಕನ್ನಡ ಮೀಡಿಯಂ ಹುಡುಗಿ ಇಂಗ್ಲಿಷಿನಲ್ಲಿ ಕಷ್ಟದ ವಿಷಯ ಓದೋದನ್ನು ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಗೈಡ್ ಏನು ಮಾಡುತ್ತೆ? ವಾಕ್ಯಗಳನ್ನೇ ತೆಗೆದುಹಾಕುತ್ತೆ. ಆ ಹುಡುಗಿಗೆ ಗಣಿತವೂ ಸಿಗಲ್ಲ, ಇಂಗ್ಲಿಷೂ ಸಿಗಲ್ಲ. ನಾಲ್ಕು ವರ್ಷ ಆದ್ಮೇಲೆ ನಮ್ಮದೇ ಕಂಪನಿಯ ಇಂಟರ್ವ್ಯೂನಲ್ಲಿ ಎದುರಿಗೆ ಕೂತಾಗ "ಡಾಕ್ಯುಮೆಂಟೇಶನ್ ಓದೋಕೆ ಬರಲ್ಲ, ಕಮ್ಯುನಿಕೇಶನ್ ವೀಕು" ಅಂತ ಷರಾ ಬರೆಯೋರು ನಾವೇ.

ಎರಡನೇ ವಾದ: "ಇದೆಲ್ಲ ಕೆಲಸಕ್ಕೆ ಬರಲ್ಲ ಬಿಡ್ರಿ." ಇದನ್ನು ಹೇಳಿದವರೇ ಮುಂದಿನ ತಿಂಗಳು ಸಂಬಳದ ದುಡ್ಡು ಕೊಟ್ಟು ಮೆಷಿನ್ ಲರ್ನಿಂಗ್ ಕೋರ್ಸಿಗೆ ಸೇರ್ತಾರೆ. ಅಲ್ಲಿ ಮೊದಲ ವಾರವೇ ಗ್ರೇಡಿಯೆಂಟ್ ಡಿಸೆಂಟ್. ಅದೇನು ಹೊಸ ದೇವರೇ? ಫಸ್ಟ್ ಇಯರಿನಲ್ಲಿ ಆಪ್ಷನ್‌ಗೆ ಬಿಟ್ಟ ಪಾರ್ಷಿಯಲ್ ಡಿಫರೆನ್ಷಿಯೇಶನ್. ಬಿಟ್ಟಿ ಸಿಕ್ಕಾಗ ಬೇಡ ಅಂದಿದ್ದನ್ನು ಈಗ ಇಎಂಐನಲ್ಲಿ ಕೊಳ್ತಿದ್ದೀವಿ.

ಮೂರನೇ ವಾದ ಉಳಿದೆರಡಕ್ಕಿಂತ ಗಟ್ಟಿ, ಅದಕ್ಕೆ ಮರ್ಯಾದೆ ಕೊಡಲೇಬೇಕು. "ನಿಮಗೇನು, ಆರಾಮಾಗಿ ಹೇಳ್ತೀರ. ಒಂದು ಸಬ್ಜೆಕ್ಟ್ ಹೋದರೆ ಸ್ಕಾಲರ್‌ಶಿಪ್ ಹೋಗುತ್ತೆ, ಇಯರ್ ಬ್ಯಾಕ್ ಆದರೆ ಅಪ್ಪ ತೋಟದ ಮೇಲೆ ಮಾಡಿದ ಸಾಲಕ್ಕೆ ಇನ್ನೊಂದು ವರ್ಷದ ಬಡ್ಡಿ." ನಿಜ. ಊರಿನ ಮಕ್ಕಳಿಗೆ ಫೇಲಾಗೋ ಸ್ವಾತಂತ್ರ್ಯ ಇಲ್ಲ. ಅದಕ್ಕೇ ಹೇಳ್ತಿರೋದು. ಗೈಡ್ ನಂಬಿದವರು ಪಾಸಾಗೋದು ಪ್ರಶ್ನೆ ಪರಿಚಿತ ಮುಖ ಹೊತ್ತು ಬಂದಾಗ ಮಾತ್ರ. ಒಂದು ಸಲ ಪ್ರಶ್ನೆ ಕೊಂಚ ವೇಷ ಬದಲಿಸಿದರೆ ಮೊದಲು ಮುಳುಗೋರು ಇವರೇ. ನಗರದ ಹುಡುಗನಿಗೆ ಟ್ಯೂಷನ್ ಇದೆ, ಮನೆಯಲ್ಲಿ ಹೇಳಿಕೊಡೋರಿದ್ದಾರೆ. ನಮ್ಮವರ ಹತ್ತಿರ ಇರೋದು ಪುಸ್ತಕ ಒಂದೇ. ಇರೋ ಒಂದೇ ಪುಸ್ತಕ ಪಾಠ ಮಾಡೋ ಪುಸ್ತಕ ಆಗಿರಬೇಕೋ ಬೇಡವೋ? ಪರೀಕ್ಷೆಗೆ ಹದಿನೈದು ದಿನ ಇದ್ದಾಗ ಹಳೇ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂರಲಿ, ಯಾರು ಬೇಡ ಅಂದರು. ಹುಳಿಪುಡಿ ಅಡಿಗೆಗೆ ಬೇಕು. ಹುಳಿಪುಡಿಯನ್ನೇ ಊಟ ಅಂತ ಬಡಿಸಬಾರದು.

ಗೈಡ್ ಮುಚ್ಚಿಡೋ ಇನ್ನೊಂದು ಗುಟ್ಟಿದೆ. ಬೇರೆ ವಿಷಯದಲ್ಲಿ ಉತ್ತರ ಸರಿಯೋ ತಪ್ಪೋ ಅಂತ ಹೇಳೋಕೆ ಯಾರಾದರೂ ಬೇಕು. ಡಿಫರೆನ್ಷಿಯಲ್ ಇಕ್ವೇಶನ್‌ಗೆ ಯಾರೂ ಬೇಕಿಲ್ಲ. ನಿಮಗೆ ಸಿಕ್ಕಿದ ಉತ್ತರವನ್ನು ವಾಪಸ್ ಸಮೀಕರಣದೊಳಗೆ ಹಾಕಿ ನೋಡಿ. ಎಡ ಬಲ ಸರಿಹೋದರೆ ಸರಿ, ಇಲ್ಲದಿದ್ದರೆ ತಪ್ಪು. ಇಂಟಿಗ್ರೇಶನ್ ಕೂಡ ಹಾಗೇ, ಉತ್ತರವನ್ನು ಡಿಫರೆನ್ಷಿಯೇಟ್ ಮಾಡಿದರೆ ಹೊರಟ ಜಾಗಕ್ಕೇ ಬರಬೇಕು. ಮೇಷ್ಟ್ರು ಬೇಡ, ಟ್ಯೂಷನ್ ಬೇಡ, ಆನ್ಸರ್ ಕೀ ಬೇಡ. ಹಳೇಬೀಡಿನ ಹುಡುಗಿ ರಾತ್ರಿ ಹತ್ತಕ್ಕೆ ಮನೆಯಲ್ಲಿ ಒಬ್ಬಳೇ ಕೂತು ತನ್ನ ಲೆಕ್ಕಕ್ಕೆ ತಾನೇ ಮಾರ್ಕ್ಸ್ ಹಾಕಿಕೊಳ್ಳಬಹುದು. ಯಾರ ಹಂಗೂ ಇಲ್ಲದ ಇಂಥ ವಿಷಯವನ್ನೇ ನಾವು ಪೂರ್ತಿ ಹಂಗಿನ ವಿಷಯ ಮಾಡಿಟ್ಟಿದ್ದೀವಿ. ಉತ್ತರವನ್ನು ಮೊದಲೇ ಅಚ್ಚು ಹಾಕಿ ಕೊಟ್ಟು, ಪರೀಕ್ಷಿಸಿ ನೋಡೋ ಅಭ್ಯಾಸವನ್ನೇ ಕೊಂದಿದ್ದೀವಿ.

ಇನ್ನು ಲೆಕ್ಕಗಳ ಮಾತು. ನಮ್ಮ ಪುಸ್ತಕದ ಲೆಕ್ಕಗಳೆಲ್ಲ ಯಾವ ಊರಿನವು? ವೈ ಈಕ್ವಲ್ಸ್ ಎಕ್ಸ್ ಸ್ಕ್ವೇರ್ ಅನ್ನು ಎಕ್ಸ್ ಆಕ್ಸಿಸ್ ಸುತ್ತ ತಿರುಗಿಸಿದರೆ ಬರೋ ಘನಾಕೃತಿಯ ಗಾತ್ರ ಎಷ್ಟು ಅಂತ ಕೇಳ್ತಾರೆ. ಯಾಕೆ ತಿರುಗಿಸಬೇಕು ಅಂತ ಕೇಳಿದ ಹುಡುಗನಿಗೆ ಉತ್ತರ ಇಲ್ಲ. ಆ ಹುಡುಗ ಬೇಲೂರಿನವನು! 1117ರ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಬಳಪದ ಕಲ್ಲನ್ನು ತಿರುಗಿಸಿ ತಿರುಗಿಸಿ ಕಡೆದ ಕಂಬಗಳು ನಿಂತಿವೆ. ಸಾಲಿಡ್ ಆಫ್ ರೆವಲ್ಯೂಶನ್ ಅಂದ್ರೆ ಅದೇ. ಕಂಬ ಮುಟ್ಟೋದೂ ಬೇಡ, ಒಂದು ಫೋಟೊ ತೆಗೆದು ಗ್ರಾಫ್ ಶೀಟಿನ ಮೇಲೆ ಅಂಚು ಎಳೆದುಕೊಂಡರೆ ಸಾಕು. ಈಗ ಕಂಬದ ತೂಕ ಅಂದಾಜು ಮಾಡು ಅನ್ನಿ. ಹುಡುಗ ಮೊದಲು ಏನು ಮಾಡ್ತಾನೆ? ಸುತ್ತಳತೆಯ ಸರಾಸರಿ ತಗೊಳ್ತಾನೆ. ಕಂಬದ ಅರ್ಧ ಎತ್ತರ 2 ಮೀಟರ್ ಸುತ್ತಳತೆ, ಇನ್ನರ್ಧ 4 ಮೀಟರ್ ಅಂತ ಇಟ್ಕೊಳ್ಳಿ. ಸರಾಸರಿ 3, ಅದರ ವರ್ಗ 9. ಆದರೆ ಗಾತ್ರಕ್ಕೆ ಬೇಕಾದ್ದು ವರ್ಗಗಳ ಸರಾಸರಿ: 4 ಮತ್ತು 16ರ ಸರಾಸರಿ 10. ನೂರಕ್ಕೆ ಹತ್ತು ಪಾಲು ಕಲ್ಲು ಲೆಕ್ಕದಲ್ಲಿ ಕಳೆದೇಹೋಯ್ತು. ವರ್ಗ ಮಾಡಿದ ಮೇಲೆ ಕೂಡಿಸಬೇಕು, ಕೂಡಿಸಿದ ಮೇಲೆ ವರ್ಗ ಮಾಡಬಾರದು ಅನ್ನೋದು ಅವನಿಗೆ ಇನ್ನು ಜನ್ಮದಲ್ಲಿ ಮರೆಯಲ್ಲ.

ಹಳೇಬೀಡಿನ ಹತ್ತಿರ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿ ಇದೆ. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತೆ. ಅದರಲ್ಲಿ ನೀರೆಷ್ಟು ಹಿಡಿಯುತ್ತೆ? ಒಂದೊಂದು ಮೆಟ್ಟಿಲ ಮಟ್ಟದಲ್ಲಿ ನೀರಿನ ವಿಸ್ತಾರವನ್ನು ಮೆಟ್ಟಿಲ ಎತ್ತರದಿಂದ ಗುಣಿಸಿ, ಎಲ್ಲ ಕೂಡಿಸಿ. ಈಗ ಮೆಟ್ಟಿಲನ್ನು ಅರ್ಧ ಸಣ್ಣದು ಮಾಡಿ, ಇನ್ನೂ ಅರ್ಧ ಮಾಡಿ, ಕೊನೆಗೆ ನುಣುಪಾದ ಇಳಿಜಾರು ಆಗೋವರೆಗೆ. ನೀವು ಈಗಷ್ಟೇ ಇಂಟಿಗ್ರಲ್ ಅಂದ್ರೆ ಏನು ಅಂತ ಹೇಳಿದಿರಿ. ಎಷ್ಟೋ ಎಂಜಿನಿಯರುಗಳಿಗೆ ಡಿಗ್ರಿ ಮುಗಿದರೂ ಅದು ಉದ್ದ ಎಸ್ ಥರದ ಒಂದು ಚಿಹ್ನೆ ಮಾತ್ರ.

ಅರಸೀಕೆರೆ ಸೀಮೆ ಅಂದ್ರೆ ಕೊಬ್ಬರಿ. ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಒಣಗೋಕೆ ಬಿಡ್ತಾರೆ, ಆಮೇಲೆ ಉಂಡೆ ಕೊಬ್ಬರಿ. ಒಂದು ಕಾಯಿ ಅಟ್ಟಕ್ಕೆ ಹೋದಾಗ 1,200 ಗ್ರಾಂ, ಪೂರ್ತಿ ಒಣಗಿದರೆ 600 ಗ್ರಾಂ ಅಂತ ಇಟ್ಕೊಳ್ಳೋಣ. ಎರಡು ತಿಂಗಳಿಗೆ 900 ಗ್ರಾಂ ಆಯ್ತು, ಅರ್ಧ ನೀರು ಹೋಯ್ತು. ಹಾಗಾದರೆ ನಾಲ್ಕು ತಿಂಗಳಿಗೆ ಪೂರ್ತಿ ಒಣಗಬೇಕಲ್ವಾ? ಒಣಗಲ್ಲ ಅಂತ ನಮ್ಮ ಅಜ್ಜಿಯರಿಗೂ ಗೊತ್ತು. ಉಳಿದ ನೀರು ಎಷ್ಟಿದೆಯೋ ಅದಕ್ಕೆ ತಕ್ಕ ಹಾಗೆ ಆರುತ್ತೆ ಅಂತ ಭಾವಿಸಿದರೆ, ನಾಲ್ಕು ತಿಂಗಳಿಗೆ 750, ಹತ್ತು ತಿಂಗಳಿಗೆ ಸುಮಾರು 619. ಪುಸ್ತಕದಲ್ಲಿ ನ್ಯೂಟನ್ನನ ತಂಪಾಗುವ ನಿಯಮ ಅಂತ ಬರೋ ಸಮೀಕರಣವೇ ಇದು, ಬಿಸಿ ಮುದ್ದೆ ಆರೋದೂ ಇದೇ. ನಿಜವಾದ ಕಾಯಿ ಹೀಗೇ ಒಣಗುತ್ತಾ? ಚಿಪ್ಪು ಇದೆ, ಸಿಪ್ಪೆ ಇದೆ, ಮಳೆಗಾಲ ಬರುತ್ತೆ. ಅದಕ್ಕೇ ತಿಂಗಳಿಗೊಂದು ಸಲ ಅದೇ ಕಾಯಿಯನ್ನು ತಕ್ಕಡಿಗೆ ಹಾಕಿ ನೋಡು ಅನ್ನಬೇಕು. ಲೆಕ್ಕ ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಅಂತ ಹುಡುಕೋದಿದೆಯಲ್ಲ, ಅಲ್ಲಿಂದ ಎಂಜಿನಿಯರಿಂಗ್ ಶುರು.

ಹಾಗೇ ತೆಂಗಿನ ನುಸಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡದ್ದು ಕೆಲವೇ ವರ್ಷದಲ್ಲಿ ನಮ್ಮ ತೋಟಗಳಿಗೂ ಬಂತು. ಮೊದಲು ಒಂದೆರಡು ಮರ, ಆಮೇಲೆ ಏಕಾಏಕಿ ಎಲ್ಲೆಲ್ಲೂ, ಕೊನೆಗೆ ಹರಡೋಕೆ ಮರವೇ ಉಳಿಯದೆ ನಿಧಾನ. 1838ರಲ್ಲಿ ಫೆರ್‌ಹುಲ್ಸ್ಟ್ ಬರೆದ ಲಾಜಿಸ್ಟಿಕ್ ಸಮೀಕರಣದ ಚಿತ್ರ ಇದೇ. ತೋಟ ಕಳೆದುಕೊಂಡ ಮನೆಯ ಹುಡುಗನಿಗೆ ಅದನ್ನು ಅರ್ಥ ಮಾಡಿಸೋಕೆ ದೂರದ ದ್ವೀಪದ ಮೊಲಗಳ ಕಥೆ ಬೇಕಿಲ್ಲ.

ಈಗ ಕೆರೆ. ಅರಸೀಕೆರೆಯ ಹೆಸರಿನಲ್ಲೇ ಕೆರೆ ಇದೆ. ಹಳೇಬೀಡಿನ ಹಳೇ ಹೆಸರು ದೋರಸಮುದ್ರ, ಆ ಸಮುದ್ರವೂ ಕೆರೆಯೇ. ತುಂಬಿದ ಕೆರೆಯ ತೂಬನ್ನು ಒಂದೇ ಸಮ ತೆರೆದಿಟ್ಟರೆ ನೀರು ಎಷ್ಟು ದಿನ ಬರುತ್ತೆ? ತೂಬಿನಿಂದ ನೀರು ನುಗ್ಗೋ ವೇಗ ಮೇಲಿನ ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇರುತ್ತೆ, ಇದು 17ನೆಯ ಶತಮಾನದ ಟೊರಿಚೆಲ್ಲಿಯ ನಿಯಮ. ಪುಸ್ತಕದಲ್ಲಿ ಈ ಲೆಕ್ಕ ನೆಟ್ಟಗಿನ ಗೋಡೆಯ ತೊಟ್ಟಿಗೆ ಕೊಟ್ಟಿರುತ್ತಾರೆ. ತೊಟ್ಟಿ ಪೂರ್ತಿ ಖಾಲಿಯಾಗೋಕೆ 100 ದಿನ ಅಂದುಕೊಂಡರೆ, ಮಟ್ಟ ಅರ್ಧಕ್ಕಿಳಿಯೋದು 29ನೇ ದಿನಕ್ಕೆ. ಉಳಿದ ಅರ್ಧಕ್ಕೆ 71 ದಿನ. ಸರಿ. ಆದರೆ ಯಾವ ಕೆರೆಗೆ ನೆಟ್ಟಗಿನ ಗೋಡೆ ಇದೆ? ಕೆರೆ ಅಂದ್ರೆ ತಟ್ಟೆ, ಮೇಲೆ ಅಗಲ, ಕೆಳಗೆ ಹೋದಷ್ಟೂ ಸಣ್ಣದು. ನೀರಿನ ವಿಸ್ತಾರ ಆಳಕ್ಕೆ ತಕ್ಕ ಹಾಗೆ ಕುಗ್ಗುತ್ತೆ ಅಂತ ಇಟ್ಟುಕೊಂಡು ಅದೇ ಸಮೀಕರಣ ಬಿಡಿಸಿ. ಈಗ ಮಟ್ಟ ಅರ್ಧಕ್ಕಿಳಿಯೋದು 65ನೇ ದಿನಕ್ಕೆ, ಉಳಿಯೋದು 35 ದಿನ ಮಾತ್ರ. ಅಷ್ಟೇ ಅಲ್ಲ, ಕೋಲು ಇಟ್ಟು ನೋಡಿದವನಿಗೆ ಅರ್ಧ ಕೆರೆ ಇದೆ ಅನ್ನಿಸೋ ಹೊತ್ತಿಗೆ ಕೆರೆಯಲ್ಲಿ ಇರೋದು ಕಾಲು ಭಾಗ ನೀರು.

ತೊಟ್ಟಿಯ ಲೆಕ್ಕ ನಂಬಿಕೊಂಡು ಎರಡನೇ ಬೆಳೆಗೆ ನಾಟಿ ಹಾಕಿದ ರೈತನ ಗತಿ ಏನು? ನಮ್ಮ ನೀರಗಂಟಿಗಳಿಗೆ ಇದು ಅನುಭವದಿಂದ ಗೊತ್ತಿತ್ತು, ಮಟ್ಟ ಅರ್ಧ ಇಳಿಯೋ ಮೊದಲೇ ಅವರು ತೂಬು ಬಿಗಿ ಮಾಡ್ತಿದ್ದರು. ಅವರ ಮೊಮ್ಮಗನಿಗೆ ಅದೇ ಅರಿವನ್ನು ಎರಡು ಸಾಲಿನ ಸಮೀಕರಣದಲ್ಲಿ ಬರೆಯೋ ಶಕ್ತಿ ಕೊಡಬೇಕಾಗಿದ್ದ ವಿದ್ಯೆ, ಪೆಡಲ್ ಇಕ್ವೇಶನ್ ಉರು ಹೊಡೆಸಿ ಕಳಿಸಿತು. ಎತ್ತಿನಹೊಳೆ ನೀರು ಬರುತ್ತೆ, ಯಗಚಿ ನೀರು ಬರುತ್ತೆ ಅಂತ ವರ್ಷಗಟ್ಟಲೆ ಕೇಳಿಸಿಕೊಂಡ ಸೀಮೆ ಇದು. ಬಂದ ನೀರು ಎಷ್ಟು ದಿನ ನಿಲ್ಲುತ್ತೆ ಅಂತ ಲೆಕ್ಕ ಹಾಕಬಲ್ಲ ಹತ್ತು ಹುಡುಗರು ತಾಲ್ಲೂಕಿನಲ್ಲಿದ್ದರೆ, ಸಭೆಯಲ್ಲಿ ಅಧಿಕಾರಿಗಳ ಮುಂದೆ ನಿಂತು ಪ್ರಶ್ನೆ ಕೇಳೋ ರೀತಿಯೇ ಬೇರೆ ಇರುತ್ತೆ.

ಇದನ್ನೆಲ್ಲ ಕನ್ನಡದಲ್ಲಿ ಕೇಳೋದು ಹೊಸ ಹುಚ್ಚೇನಲ್ಲ. 12ನೆಯ ಶತಮಾನದಲ್ಲಿ ರಾಜಾದಿತ್ಯ ಅನ್ನೋ ಜೈನ ಕವಿ ಕನ್ನಡದಲ್ಲಿ ಗಣಿತ ಬರೆದ. ಹೊಯ್ಸಳ ವಿಷ್ಣುವರ್ಧನನ ಆಶ್ರಯದಲ್ಲಿದ್ದ ಅಂತ ಸಾಹಿತ್ಯ ಚರಿತ್ರೆಗಳು ಹೇಳ್ತವೆ. ಅವನ ಕೃತಿಗಳ ಹೆಸರು ನೋಡಿ: ವ್ಯವಹಾರಗಣಿತ, ಕ್ಷೇತ್ರಗಣಿತ. ಒಂದು ಅಂಗಡಿಯ ಲೆಕ್ಕ, ಇನ್ನೊಂದು ಅಳತೆಯ ಲೆಕ್ಕ. ಗಣಿತವನ್ನು ಇದ್ದ ಊರಿನ ಬದುಕಿನಿಂದ ಎತ್ತಿಕೊಳ್ಳಬೇಕು ಅನ್ನೋದು ಅವನಿಗೆ ಹೊಳೆದಿತ್ತು. ಒಂಬತ್ತು ಶತಮಾನದ ನಂತರ ನಾವು ಅದೇ ನೆಲದ ಹುಡುಗರಿಗೆ ಟೈಪ್ 1, ಟೈಪ್ 2 ಕಳಿಸ್ತಿದ್ದೀವಿ.

ಹಾಗಾದರೆ ಯಾವ ಪುಸ್ತಕ? ಬೈದು ಸುಮ್ಮನಾಗೋದು ಸುಲಭ, ಅದಕ್ಕೆ ನೇರವಾಗಿ ಹೇಳ್ತೀನಿ. ಬಿಇ ಹುಡುಗರಿಗೆ ಮುಖ್ಯ ಪುಸ್ತಕ ಕ್ರೇಸಿಗ್. 1962ರಿಂದ ಅಚ್ಚಾಗ್ತಿರೋ ಪುಸ್ತಕ, ಭಾರತದ ಅಗ್ಗದ ಆವೃತ್ತಿ ಸಿಗುತ್ತೆ. ಸಮೀಕರಣ ಹುಟ್ಟೋದು ಎಲ್ಲಿಂದ ಅಂತ ಹೇಳಿಯೇ ಬಿಡಿಸೋಕೆ ಶುರು ಮಾಡುತ್ತೆ, ಮತ್ತು ಎಲ್ಲ ಲೆಕ್ಕಕ್ಕೂ ಉತ್ತರ ಕೊಟ್ಟು ಹುಡುಗನನ್ನು ಕೆಡಿಸಲ್ಲ. ಗ್ರೇವಾಲ್ ಬೇಡವಾ ಅಂತ ಕೇಳ್ತೀರಿ. ಗ್ರೇವಾಲ್ ಲೆಕ್ಕಗಳ ಕಣಜ, ಕಣಜ ಬೇಕು. ಆದರೆ ಅದರಲ್ಲಿ ಲೆಕ್ಕದ ಪಕ್ಕ ವಿಶ್ವವಿದ್ಯಾಲಯದ ಹೆಸರು, ವರ್ಷ ನೋಡಿ ಇಂಪಾರ್ಟೆಂಟ್ ಗುರುತು ಹಾಕೋರು ಅದನ್ನೂ ಗೈಡ್ ಮಾಡಿಕೊಳ್ತಾರೆ. ಅದು ಎರಡನೇ ಪುಸ್ತಕವಾಗಿರಲಿ. ಬಿಎಸ್ಸಿಯವರಿಗೆ ಕ್ಯಾಲ್ಕುಲಸ್‌ಗೆ ಥಾಮಸ್ ಆಗಲಿ ಪಿಸ್ಕುನೋವ್ ಆಗಲಿ, ಡಿಫರೆನ್ಷಿಯಲ್ ಇಕ್ವೇಶನ್‌ಗೆ ಸಿಮ್ಮನ್ಸ್. ಪಿಸ್ಕುನೋವ್ ಮಾಸ್ಕೋದ ಮೀರ್ ಪ್ರಕಾಶನದ್ದು. ಅಂಥ ಸೋವಿಯತ್ ಪುಸ್ತಕಗಳು ನವಕರ್ನಾಟಕದ ಅಂಗಡಿಗಳಲ್ಲಿ ಪುಡಿಗಾಸಿಗೆ ಸಿಗ್ತಿದ್ದ ಕಾಲವೊಂದಿತ್ತು, 1991ರಲ್ಲಿ ಆ ದೇಶವೇ ಹೋಯ್ತು. ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಲ್ಲಿ ಹುಡುಕಿ ನೋಡಿ. 1972ರ ಸಿಮ್ಮನ್ಸ್ ಪುಸ್ತಕದಲ್ಲಿ ಲೆಕ್ಕದ ಜೊತೆ ಅದನ್ನು ಮೊದಲು ಮಾಡಿದವರ ಕಥೆಯೂ ಇದೆ, ಕಾದಂಬರಿ ಓದಿದ ಹಾಗೆ ಓದಬಹುದು. ಪೂರ್ತಿ ಹೆದರಿದವರಿಗೆ ಸಿಲ್ವೇನಸ್ ಥಾಮ್ಸನ್ 1910ರಲ್ಲಿ ಬರೆದ ಸಣ್ಣ ಪುಸ್ತಕ "ಕ್ಯಾಲ್ಕುಲಸ್ ಮೇಡ್ ಈಸಿ". ಸ್ಪಿವಾಕ್, ಅಪೋಸ್ಟಲ್ ಅದ್ಭುತವೇ, ಗಣಿತಕ್ಕೇ ಮನಸೋತವರು ಎರಡನೇ ಸುತ್ತಿಗೆ ಓದಲಿ. ಮೊದಲ ದಿನವೇ ಕೊಟ್ಟರೆ ಅದು ನೆರವಲ್ಲ, ನಮ್ಮ ದೊಡ್ಡಸ್ತಿಕೆ. ವಿಡಿಯೋ ಬೇಕಾದವರಿಗೆ ಎಂಐಟಿಯ ಆರ್ಥರ್ ಮಟ್ಟಕ್ 2003ರಲ್ಲಿ ಮಾಡಿದ ಪಾಠಗಳು ಪುಕ್ಕಟೆ ಇವೆ.

ಹೆಸರು ಮರೆತರೂ ಪರವಾಗಿಲ್ಲ, ಪರೀಕ್ಷೆ ಮರೆಯಬೇಡಿ. ಪುಸ್ತಕದಂಗಡಿಯಲ್ಲಿ ಯಾವುದಾದರೂ ಅಧ್ಯಾಯ ತೆಗೆಯಿರಿ. ಮೊದಲ ಲೆಕ್ಕಕ್ಕೆ ಮುಂಚೆ ಒಂದು ಪುಟವಾದರೂ ಮಾತಿದೆಯಾ? ಬಿಡಿಸಿದ ಲೆಕ್ಕಕ್ಕಿಂತ ಬಿಡಿಸದ ಲೆಕ್ಕ ಹೆಚ್ಚಿವೆಯಾ? ಸಮೀಕರಣ ಕೊಡದೆ, ನೀನೇ ಬರೆದುಕೋ ಅನ್ನೋ ಲೆಕ್ಕ ಒಂದಾದರೂ ಇದೆಯಾ? ಮೂರಕ್ಕೂ ಹೌದು ಅಂದರೆ ಕೊಳ್ಳಿ. ಒಂದಕ್ಕೂ ಇಲ್ಲ ಅಂದರೆ ಅದು ಎಷ್ಟು ದಪ್ಪ ಇದ್ದರೂ ಗೈಡೇ.

ಪುಸ್ತಕ ಕೊಟ್ಟರೆ ಮುಗೀತಾ? ಇಲ್ಲ. ಲೆಕ್ಕ ಮಾಡೋ ರೀತಿಯೂ ಹೇಳಿಕೊಡಬೇಕು. ದಿನಕ್ಕೆ ಮೂರೇ ಲೆಕ್ಕ. ಮೊದಲ ಇಪ್ಪತ್ತು ನಿಮಿಷ ಬಿಡಿಸಿದ ಲೆಕ್ಕದ ಕಡೆ ಕಣ್ಣು ಹಾಯಿಸಬಾರದು. ಏನು ಕೊಟ್ಟಿದ್ದಾರೆ, ಏನು ಬೇಕು ಅಂತ ಮೊದಲು ಕನ್ನಡದಲ್ಲಿ ಎರಡು ಸಾಲು ಬರೆಯಲಿ. ಚಿತ್ರ ಬಿಡಿಸಲಿ. ಉತ್ತರ ಸುಮಾರು ಎಷ್ಟಿರಬೇಕು ಅಂತ ಊಹೆ ಮಾಡಲಿ. ಬಂದ ಉತ್ತರವನ್ನು ವಾಪಸ್ ಹಾಕಿ ನೋಡಲಿ. ತಪ್ಪಿದ ಲೆಕ್ಕವನ್ನು ಹೊಡೆದು ಹಾಕದೆ ಹಾಗೇ ಬಿಟ್ಟು, ಪಕ್ಕದಲ್ಲಿ ಎಲ್ಲಿ ತಪ್ಪಿತು ಅಂತ ಬರೆಯಲಿ. ದಿನಾ ಕೋಡ್ ಬರೆದು ಬಗ್ ಹುಡುಕೋ ನಮಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಸಿಕ್ಕಿಬಿದ್ದ ಜಾಗದಲ್ಲಿ ಗಾಬರಿಯಾಗದೆ ಕೂರೋಕೆ ಬರೋದೇ ನಮ್ಮ ಅರ್ಧ ಸಂಬಳ.

ಆದ್ದರಿಂದ ಈ ಸಲ ಗೈಡ್ ಕಳಿಸಬೇಡಿ. ನಾಲ್ಕು ಜನ ಸ್ನೇಹಿತರು ಒಂದು ವೀಕೆಂಡಿನ ಊಟದ ಬಿಲ್ ಒಟ್ಟು ಮಾಡಿ ಊರಿನ ಕಾಲೇಜು ಲೈಬ್ರರಿಗೆ ಎರಡು ಕ್ರೇಸಿಗ್, ಎರಡು ಸಿಮ್ಮನ್ಸ್ ಕೊಡಿ. ಹಬ್ಬಕ್ಕೆ ಊರಿಗೆ ಹೋದಾಗ ಹುಡುಗರನ್ನು ಕೂರಿಸಿಕೊಂಡು ಪ್ಯಾಕೇಜ್ ಬಗ್ಗೆ ಭಾಷಣ ಮಾಡೋ ಬದಲು ಒಂದು ಗಂಟೆ, ಒಂದೇ ಒಂದು ಲೆಕ್ಕ ಜೊತೆಗೆ ಮಾಡಿ. ನಿಮಗೂ ಬರದಿದ್ದರೆ ಇನ್ನೂ ಒಳ್ಳೇದು, ದೊಡ್ಡವರು ಸಿಕ್ಕಿಬಿದ್ದಾಗ ಏನು ಮಾಡ್ತಾರೆ ಅಂತ ಅವರು ನೋಡಲಿ.

ಶುರು ಮಾಡೋಕೆ ಒಂದು ಲೆಕ್ಕ ಇಲ್ಲೇ ಕೊಡ್ತೀನಿ. ತೂಬು ಮುಚ್ಚಿದ್ದರೂ ಬೇಸಿಗೆಯಲ್ಲಿ ಕೆರೆ ಇಳಿಯುತ್ತೆ, ಬಿಸಿಲಿಗೆ ಆರೋ ನೀರು ವಿಸ್ತಾರಕ್ಕೆ ತಕ್ಕಷ್ಟು. ಕೆರೆಯ ಆಕಾರ ಹೇಗೇ ಇರಲಿ, ಬಿಸಿಲು ಒಂದೇ ಸಮ ಇದ್ದರೆ ಮಟ್ಟ ದಿನಕ್ಕೆ ಒಂದೇ ಪ್ರಮಾಣದಲ್ಲಿ ಇಳಿಯುತ್ತೆ ಅಂತ ಮೊದಲು ತೋರಿಸಿ. ಆಮೇಲೆ ತಟ್ಟೆಯಂಥ ಕೆರೆಗೆ ತೂಬನ್ನೂ ತೆರೆಯಿರಿ, ಬಿಸಿಲನ್ನೂ ಬಿಡಿ. ಯಾವ ಮಟ್ಟದವರೆಗೆ ಬಿಸಿಲು ಹೆಚ್ಚು ನೀರು ಕುಡಿಯುತ್ತೆ, ಯಾವ ಮಟ್ಟದಿಂದ ಕೆಳಗೆ ಗದ್ದೆ ಹೆಚ್ಚು ಕುಡಿಯುತ್ತೆ?

ಉತ್ತರ ಇಲ್ಲಿ ಕೊಡಲ್ಲ. ಗೈಡಿನಲ್ಲಿ ಹುಡುಕಬೇಡಿ, ಅಲ್ಲೂ ಇಲ್ಲ.